ಪಿಯಾನೊ ತೊಳೆದ ಹಬ್ಬ

ನನ್ನ ಅಡುಗೆಮನೆಯ ಕಿಟಕಿಗೆ ಕೊಂಡಿಯಿಲ್ಲ. ಗಾಳಿಗೆ ಬಡಿದುಕೊಳ್ಳದಿರಲೆಂದು ಒಂದು ಮರದ ಪಟ್ಟಿ ಸಿಗಿಸಿಟ್ಟಿದ್ದೇನೆ. ಮೊಳದುದ್ದ, ಒಂದು ತುದಿಗೆ ಬಿಳಿ ಹೊದಿಕೆ, ನಡುವೆ ಸ್ವಲ್ಪ ಡೊಂಕು. ಅದು ಪಿಯಾನೊದ ಕೀ, ಹಾರ್ಮೋನಿಯಂ ನುಡಿಸುವವರು ಬೆರಳಿಡುತ್ತಾರಲ್ಲ ಅಂಥದ್ದು ಎಂದರೆ, ನಿನಗೆಲ್ಲಿ ಸಿಕ್ಕಿತು ಎಂದು ಬಂದವರು ಕೇಳುತ್ತಾರೆ. ನಾನೇ ಕೆಡಿಸಿದ್ದು, ಅದಕ್ಕೇ ಸಿಕ್ಕಿತು.

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಮಾರ್ತಮ್ಮನವರ ಮನೆಗೆಲಸಕ್ಕೆ ನಾನು ಸೇರಿದ್ದು ಎಪ್ಪತ್ತರ ದಶಕದಲ್ಲಿ. ಅವರು ಪೋಲೆಂಡಿನವರು. ಅಲ್ಲಿಗೆ ಓದಲು ಹೋಗಿದ್ದ ಗುಬ್ಬಿಯ ಡಾಕ್ಟರನ್ನು ಮದುವೆಯಾಗಿ, ಸೀರೆ ಉಡಲು ಕಲಿತು, ಪಿಯಾನೊ ಸಮೇತ ಬಂದವರು. ಡಾಕ್ಟರು ತೀರಿಕೊಂಡ ಮೇಲೆ ಬೀದಿಯವರೆಲ್ಲ "ಊರಿಗೆ ಯಾವಾಗ ಹೋಗ್ತೀರಾ?" ಎನ್ನತೊಡಗಿದರು, ಪ್ರೀತಿಯಿಂದಲೇ ಕೇಳುತ್ತಿದ್ದರು, ಆದರೆ ಕೇಳುತ್ತಲೇ ಇದ್ದರು. ಅವರು ಮಾತ್ರ ತಮ್ಮ ನಾಡಿನ ಸಂಗೀತವನ್ನು ಈ ಊರಿನ ಕಿವಿಗೆ ಹಾಕಿಯೇ ತೀರಬೇಕೆಂದು ಹಟ ಹಿಡಿದು, ಆರು ಹುಡುಗಿಯರಿಗೆ ಪಾಠ ಹೇಳುತ್ತ, ವರ್ಷಕ್ಕೊಮ್ಮೆ ಪಡಸಾಲೆಯಲ್ಲಿ ಚಾಪೆ ಹಾಸಿಸಿ ಕಛೇರಿ ಮಾಡುತ್ತಿದ್ದರು. ಯಾರೂ ಕೂರದ ಚಾಪೆಗಳನ್ನು ಹಾಗೇ ಸುತ್ತಿಡುವುದು ನನ್ನ ಕೆಲಸ.

ಒಂದು ವರ್ಷ ಹೇಳಿಯೇಬಿಟ್ಟರು: "ಸಿದ್ದಮ್ಮ, ಈ ಸಲಾನೂ ಯಾರೂ ಬರ್ಲಿಲ್ಲ ಅಂದ್ರೆ ಪಿಯಾನೊ ಬೆಂಗಳೂರಿಗೆ ಕೊಟ್ಬುಡ್ತೀನಿ. ನಾನೂ ನಮ್ ದೇಶಕ್ಕೆ, ತಂಗಿ ಹತ್ರ ಹೊಂಟೋಗ್ತೀನಿ." ಕನ್ನಡವನ್ನು ನನ್ನಿಂದ ಕಲಿತವರು, ಊರು ಬಿಡುವ ಮಾತನ್ನೂ ಈ ಊರಿನವರ ಹಾಗೆಯೇ ಆಡಿದರು.

ವಿಜಯದಶಮಿಯಂದು ಕಛೇರಿ ಇಡಿ ಎಂದವಳು ನಾನು. ವಿದ್ಯೆ ಶುರುಮಾಡುವ ದಿನ, ತಾಯಂದಿರು ಇಲ್ಲವೆನ್ನಲಾರರು. ಹಿಂದಿನ ದಿನ, ಆಯುಧಪೂಜೆಯ ಬೆಳಿಗ್ಗೆ, ಅವರು ಜನರನ್ನು ಕರೆಯಲು ಕ್ಯಾತ್ಸಂದ್ರಕ್ಕೆ ಹೋದರು. ನಾನು ಕುಡುಗೋಲು ತೊಳೆದೆ, ಈಳಿಗೆಮಣೆ ತೊಳೆದೆ, ಡಾಕ್ಟರ ಹಳೆಯ ಸ್ಕೂಟರು ತೊಳೆದೆ. ಪೂಜೆಗಿಡುವ ಸಾಮಾನನ್ನು ತೊಳೆಯದೆ ಕುಂಕುಮ ಇಡುವುದುಂಟೆ? ಪಿಯಾನೊದ ಮುಚ್ಚಳ ತೆಗೆದು ಎರಡು ಚೊಂಬು ನೀರು ಹೊಯ್ದು, ಒರೆಸಿ, ಅರಿಶಿನ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿದೆ. ಅಷ್ಟು ಲಕ್ಷಣವಾಗಿ ಅದು ಯಾವತ್ತೂ ಕಂಡಿರಲಿಲ್ಲ.

ಮಾರ್ತಮ್ಮ ಬಂದು ಬೆರಳೂರಿದರು. ಒತ್ತಿದ ಕೀ ಮೇಲೇಳಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವರು ಸೆರಗು ಸಿಕ್ಕಿಸಿ, ಹಲಗೆ ಬಿಚ್ಚಿ, ಕೀಗಳನ್ನು ಒಂದೊಂದಾಗಿ ಎತ್ತಿ ನನ್ನ ಮಡಿಲಿಗೆ ಕೊಡತೊಡಗಿದರು. ಹಿತ್ತಲ ನೆರಳಿನಲ್ಲಿ, ಸಂಡಿಗೆ ಹಾಕುವ ಪಂಚೆಯ ಮೇಲೆ, ಎಂಬತ್ತೆಂಟನ್ನೂ ಸಾಲಾಗಿ ಒಣಹಾಕಿ ಕಾಗೆ ಓಡಿಸುತ್ತ ಕೂತೆ. ಪ್ರತಿಯೊಂದರ ಮೇಲೂ ನಂಬರು ಒತ್ತಿತ್ತು. ಬಸ್ಸಿನ ನಂಬರಿನಾಚೆಗೆ ಏನೂ ಓದದಿದ್ದ ನಾನು ಅಂದು ಎಂಬತ್ತೆಂಟರವರೆಗೆ ಕಲಿತೆ. ತಪ್ಪು ಮಾಡಿದವರ ತಲೆಗೆ ಪಾಠ ಬೇಗ ಹತ್ತುತ್ತದೆ. "ಬಿಸಿಲಿಗಿಡ್ಬೇಡ, ಡೊಂಕಾಯ್ತದೆ" ಎಂದಿದ್ದರು. ಮೂರು ಗಂಟೆಯಾದರೂ ನಲವತ್ತನಾಲ್ಕನೆಯದೊಂದು ಮಾತ್ರ ಒದ್ದೆಯಿತ್ತು. ಬಿಸಿಲಿಗಿಟ್ಟೆ. ಡೊಂಕಾಯಿತು. ಸಂಜೆ ನಂಬರಿನಂತೆ ಮಿಕ್ಕವನ್ನೆಲ್ಲ ಜೋಡಿಸಿದೆವು, ಅದೊಂದು ತನ್ನ ಜಾಗದಲ್ಲಿ ಕೂರಲಿಲ್ಲ.

ಮಾರನೆಯ ದಿನ ಚಾಪೆ ತುಂಬ ಹೆಂಗಸರು. ಮದುವೆಮನೆಗಳಲ್ಲಿ ಹಸೆಹಾಡು ಹೇಳುತ್ತಿದ್ದ ಹಿಂದಿನ ಬೀದಿಯ ಜಯಮ್ಮ ಎದುರಿಗೇ ಕೂತಿದ್ದಳು. ಕೀಗಳ ಸಾಲಿನ ನಡುವಿನ ಸಂದು ಕಂಡದ್ದೇ ಬಾಯಿ ಬಿಟ್ಟಳು.

"ಏನ್ಲೇ ಸಿದ್ದಿ, ನಿಮ್ಮಮ್ಮಾವ್ರ ಪೆಟ್ಗೆಗೆ ಹಲ್ಲು ಬಿದ್ದೈತಲ್ಲೇ!"

"ನಾನೇ ಉದುರ್ಸಿದ್ದು ಕಣೇ. ಸುಮ್ಕೆ ಕೂತ್ಕೊ."

ಪಡಸಾಲೆಯೆಲ್ಲ ನಕ್ಕಿತು. ಮುಗಿಯಿತು, ಪಿಯಾನೊ ಬೆಂಗಳೂರಿಗೆ, ಇವರು ತಂಗಿಯ ಊರಿಗೆ, ಎಂದುಕೊಂಡು ನಾನು ಬಾಗಿಲಿಗೊರಗಿದೆ. ಮಾರ್ತಮ್ಮ ಹಿಂತಿರುಗಿ ಹೇಳಿದರು: "ಹಲ್ಲು ನೀವೇ ಕಟ್ಟಿ. ನನ್ ಬೆರಳು ಈ ಸಂದಿಗೆ ಬಂದಾಗ ಈ ಸ್ವರ ಹೇಳಿ." ಒಮ್ಮೆ ಹಾಡಿ ತೋರಿಸಿದರು. ಆಮೇಲೆ ತಮ್ಮ ನಾಡಿನ ನಿಧಾನದ ರಚನೆಯೊಂದನ್ನು ಶುರುಮಾಡಿದರು. ಬೆರಳು ಸಂದಿಗೆ ಬಂತು. ಹೆಂಗಸರ ಸ್ವರ ತಡವಾಗಿ ಬಂತು, ಮತ್ತೆ ನಗು. ಎರಡನೆಯ ಸಲ ಜಯಮ್ಮನೊಬ್ಬಳೇ ಸರಿಯಾಗಿ ಹಿಡಿದಳು. ಮೂರನೆಯ ಸಲಕ್ಕೆ ನಗು ನಿಂತಿತ್ತು. ತಮ್ಮ ಸರದಿ ತಪ್ಪಬಾರದೆಂದು ಎಲ್ಲರೂ ಕಿವಿಗೊಟ್ಟು ಕಾಯುತ್ತಿದ್ದರು, ಕಾಯುತ್ತ ಕಾಯುತ್ತ ಆ ಸ್ವರದ ಹಿಂದುಮುಂದಿನದೂ ಒಳಗಿಳಿಯುತ್ತಿತ್ತು. ನಾನು ಆ ಪಿಯಾನೊವನ್ನು ವರ್ಷಗಟ್ಟಲೆ ಒರೆಸಿದ್ದೆ, ಕೇಳಿದ್ದು ಅವತ್ತೇ. ಎಲ್ಲ ಸರಿಯಿದ್ದಾಗ ನಾವು ಯಾವುದಕ್ಕೆ ತಾನೆ ಕಿವಿ ಕೊಡುತ್ತೇವೆ, ಹೇಳಿ?

ಹೊರಡುವಾಗ ಜಯಮ್ಮ ಕುಂಕುಮ ಇಟ್ಟುಕೊಳ್ಳುತ್ತ ಅಂದಳು: "ನಮ್ ಹುಡುಗೀಗೂ ಹೇಳ್ಕೊಡಿ ಅಮ್ಮಾವ್ರೆ. ಅರ್ಧಕ್ಕೆ ಬುಟ್ಟು ಊರಿಗೆ ಗೀರಿಗೆ ಹೊಂಟೋಗ್ಬುಟ್ಟೀರಾ ಮತ್ತೆ!"

ಮಾರ್ತಮ್ಮ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಚಾಪೆಗಳನ್ನು ಇಬ್ಬರೂ ಕೊಡವಿ ಸುತ್ತಿದೆವು.

ಬಡಗಿ ಹೊಸ ಕೀ ಮಾಡಿಕೊಟ್ಟ. ಮುಂದಿನ ವಿಜಯದಶಮಿಗೆ ಹೆಂಗಸರು "ನಮ್ ಸಂದು ಎಲ್ಲೋಯ್ತು?" ಎಂದು ಗಲಾಟೆ ಮಾಡಿದ್ದರಿಂದ, ಆ ಒಂದು ರಚನೆಗೆ ಮಾತ್ರ ಪ್ರತಿ ವರ್ಷ ಆ ಕೀ ತೆಗೆದಿಡುವುದು ರೂಢಿಯಾಯಿತು. ಎಂಬತ್ತರ ದಶಕದ ಕೊನೆಗೆ ಅವರು ಅದೇ ಮನೆಯಲ್ಲಿ ತೀರಿಕೊಂಡರು. ಊರಿಗೆ ಹೋಗಲಿಲ್ಲ, ಊರಿನಲ್ಲೇ ಇದ್ದರಲ್ಲ, ಹೋಗುವುದೆಲ್ಲಿಗೆ?

ಡೊಂಕಾದದ್ದು ನನ್ನ ಬಳಿ ಉಳಿಯಿತು. ಈಗ ಕಿಟಕಿಯನ್ನು ಕಾಯುತ್ತದೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಕೆಳಗಿಳಿಸಿ, ನಲವತ್ತನಾಲ್ಕು ಎಂದು ಓದಿ, ಒಣಬಟ್ಟೆಯಲ್ಲಿ ಒರೆಸಿ ಕುಂಕುಮ ಇಡುತ್ತೇನೆ. ನೀರು ಮಾತ್ರ ಸೋಕಿಸುವುದಿಲ್ಲ.