ಗುಂಡು ಬಿದ್ದ ಸೈಟು

ಮೊದಲ ಸಲ ಕಾಲೇಜಿನಿಂದ ಗುಂಡನ್ನು ಮನೆಗೆ ತಂದ ದಿನ ಅಜ್ಜಿ ಅದನ್ನು ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ ನೋಡಿ, "ಇಷ್ಟು ಸಣ್ಣ ಗುಂಡಲ್ಲಿ ಏನ್ ರುಬ್ಬಕ್ಕಾಯ್ತದೆ ಕಣೆ? ಒರಳು ಎಲ್ಲೈತೆ?" ಎಂದು ಕೇಳಿದರು. ಅವರ ಲೆಕ್ಕದಲ್ಲಿ ಗುಂಡು ಎಂದರೆ ರುಬ್ಬುವ ಗುಂಡು. ಇದು ರುಬ್ಬುವುದಕ್ಕಲ್ಲ ಅಜ್ಜಿ, ಎಸೆಯುವುದಕ್ಕೆ ಎಂದೆ.

"ಯಾರ ಮೇಲೆ?" ಎಂದರು.

ನಾನಾಗ ಜಯನಗರದ ಒಂದು ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಕಾಂ. ಓದುತ್ತಿದ್ದೆ. ಮನೆ ಗೊಟ್ಟಿಗೆರೆಯಲ್ಲಿ. ಉದ್ದ, ಅಗಲ ಎರಡರಲ್ಲೂ ನಾನು ನನ್ನ ವಯಸ್ಸಿನ ಹುಡುಗಿಯರಿಗಿಂತ ಒಂದು ಕೈ ಮೇಲು. ಹೈಸ್ಕೂಲಿನಿಂದಲೂ ಗ್ರೂಪ್ ಫೋಟೋ ತೆಗೆಯುವಾಗ ನನ್ನನ್ನು ಹಿಂದಿನ ಸಾಲಿನ ತುದಿಗೆ, ಹುಡುಗರ ಪಕ್ಕಕ್ಕೆ ಕಳಿಸುತ್ತಿದ್ದರು. ಬಟ್ಟೆ ಹೊಲಿಯುವ ಆಂಟಿ ನನ್ನ ತೋಳಿನ ಅಳತೆ ತೆಗೆದ ಮೇಲೆ ಟೇಪಿನ ಮೇಲೆ ನಂಬಿಕೆಯಿಲ್ಲದವರ ಹಾಗೆ ಇನ್ನೊಮ್ಮೆ ಸುತ್ತಿ ನೋಡುತ್ತಿದ್ದರು. ಹಾಗಾಗಿ ಭುಜಗಳನ್ನು ಒಳಕ್ಕೆಳೆದುಕೊಂಡು, ಸ್ವಲ್ಪ ಬಗ್ಗಿ ನಡೆಯುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಕಾಲೇಜು ಫೆಸ್ಟಿನ ಹಿಂದಿನ ದಿನ ಬೆಂಚುಗಳನ್ನು ಆಡಿಟೋರಿಯಮ್ಮಿಗೆ ಸಾಗಿಸುವ ಕೆಲಸ ನಮ್ಮ ಕ್ಲಾಸಿನ ಪಾಲಿಗೆ ಬಂತು. ಬೆಂಚಿನ ಒಂದು ತುದಿಗೆ ಇಬ್ಬರು ಹುಡುಗರು, ಇನ್ನೊಂದು ತುದಿಗೆ ನಾನೊಬ್ಬಳೇ. ಮೆಟ್ಟಿಲ ತಿರುವಿನಲ್ಲಿ ನಮ್ಮ ದೈಹಿಕ ಶಿಕ್ಷಣದ ಮೇಡಂ ನಿಂತಿದ್ದರು. ಬೆಂಚು ಇಟ್ಟು ವಾಪಸ್ ಬರುವಾಗ ನನ್ನನ್ನು ಮಾತ್ರ ಕರೆದರು.

"ಏನಮ್ಮ, ಭುಜ ಯಾಕೆ ಹಂಗೆ ಮುದುಡ್ಕೊಂಡಿದೀಯ? ಎಲ್ಲಿಂದನಾದ್ರೂ ಕದ್ಕೊಂಡು ಬಂದಿದೀಯಾ ಅದನ್ನ?"

ಅವರು ನಗಲಿಲ್ಲ. "ನಾಳೆ ಬೆಳಿಗ್ಗೆ ಗ್ರೌಂಡಿಗೆ ಬಾ. ಶೂ ಹಾಕ್ಕೊಂಡು ಬಾ" ಎಂದಷ್ಟೇ ಹೇಳಿ ಹೋದರು.

ನಮ್ಮ ಕಾಲೇಜಿನ ಗ್ರೌಂಡಿನ ಮುಕ್ಕಾಲು ಪಾಲು ಕ್ರಿಕೆಟ್ ಆಡುವವರದು. ಗುಂಡು ಎಸೆಯುವವರಿಗೆ ಕಾಂಪೌಂಡಿನ ಪಕ್ಕದ ಒಂದು ಪಟ್ಟಿ, ಅದೂ ಅವರ ಚೆಂಡು ಆ ಕಡೆ ಬಾರದಿದ್ದಾಗ. ಹಿಡಿಯುವುದು ಹೇಗೆ, ಕತ್ತಿಗೆ ಒತ್ತಿಕೊಳ್ಳುವುದು ಹೇಗೆ, ಕೈಯಿಂದಲ್ಲದೆ ಕಾಲಿನಿಂದ ತಳ್ಳುವುದು ಹೇಗೆ ಎಂದು ಮೇಡಂ ಒಂದು ವಾರ ಹೇಳಿಕೊಟ್ಟರು. ಆಮೇಲೆ ಕೇಳಿದರು, "ಮನೆ ಹತ್ರ ಎಲ್ಲಾದ್ರೂ ಜಾಗ ಇದ್ಯಾ?"

"ಇದೆ ಮೇಡಂ. ಪಕ್ಕದಲ್ಲೇ ನಮ್ದೊಂದು ಸೈಟು ಖಾಲಿ ಇದೆ."

ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟು ವರ್ಷದಲ್ಲಿ ಹಂಗಂದ ಸ್ಟೂಡೆಂಟ್ ನೀನೊಬ್ಳೇ" ಎಂದು ಸ್ಟೋರಿನಿಂದ ತುಕ್ಕು ಹಿಡಿದ ಹಳೆಯ ಗುಂಡೊಂದನ್ನು ತೆಗೆದುಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದೆ.

ತಾತನ ಕಾಲದಲ್ಲಿ ನಮ್ಮದೊಂದು ರಾಗಿ ಹೊಲವಿತ್ತು. ನಾನು ಕಣ್ಣು ಬಿಡುವ ಹೊತ್ತಿಗೆ ಅದೆಲ್ಲ ಲೇಔಟ್ ಆಗಿ, ನಮ್ಮ ಪಾಲಿಗೆ ಒಂದು ಮನೆ, ಮೇಲಿನ ಬಾಡಿಗೆ ಮನೆಗಳು, ಪಕ್ಕದ ಈ ಒಂದು ಸೈಟು ಉಳಿದಿದ್ದವು. ಮೂಲೆಯಲ್ಲೊಂದು ಹೊಂಗೆ ಮರ. ಗೋಡೆಯುದ್ದಕ್ಕೂ ಅಜ್ಜಿ ಹಾಕಿದ ದಂಟಿನ ಸೊಪ್ಪು, ಅವರೆ. ಹೊಲ ಹೋದರೂ ಬಿತ್ತುವ ಕೈ ಸುಮ್ಮನಿರುತ್ತಿರಲಿಲ್ಲ.

ಮರುದಿನ ಬೆಳಕು ಹರಿಯುತ್ತಲೇ ನಾನು ಎಸೆಯಲು ನಿಂತೆ. ಗುಂಡು ಗಟ್ಟಿ ಮಣ್ಣಿಗೆ ಬಿದ್ದಾಗ ಬರುವ ಸದ್ದು ಕಿವಿಗಿಂತ ಪಾದಕ್ಕೆ ಮೊದಲು ತಿಳಿಯುತ್ತದೆ. ನನಗೆ ಅದು ಬಹಳ ಹಿಡಿಸಿತು. ಎರಡನೆಯ ದಿನವೋ ಮೂರನೆಯ ದಿನವೋ ಮೇಲಿನ ಮನೆಯ ಅಕ್ಕ ದಬದಬನೆ ಮೆಟ್ಟಿಲಿಳಿದು ಬಂದರು. ಬಾಗಲಕೋಟೆ ಕಡೆಯವರು. ಮೊದಲು ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿದ್ದು, ಗಲಾಟೆ ಬೇಡವೆಂದು ನಮ್ಮ ಕಡೆ ಒಂಟಿ ಕೋಣೆ ಹಿಡಿದಿದ್ದರು. ಯಾವುದೋ ಆಫೀಸಿನಲ್ಲಿ ರಾತ್ರಿ ಪಾಳಿ. ನಾನು ಏಳುವ ಹೊತ್ತು ಅವರು ಮಲಗುವ ಹೊತ್ತು.

"ಏನವಾ ಇದು? ನಸುಕಿನ್ಯಾಗ ಧಡ್ ಧಡ್ ಅಂತ ಸಪ್ಪಳಾ! ರಾತ್ರಿಯೆಲ್ಲಾ ದುಡದು ಬಂದೇನಿ. ಗ್ವಾಡಿಗೆ ತಲಿ ಕೊಟ್ಟು ಮಲಗೀನಿ ಅಂದ್ರ ಭೂಕಂಪ ಆದಂಗ ಆಕ್ಕತಿ."

ನಾನು ಸಾರಿ ಅಕ್ಕ ಎಂದು ಗುಂಡನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಅವರ ಕಣ್ಣು ಕೆಂಪಾಗಿತ್ತು. ಆದರೆ ನೆಲದ ಗುಳಿಗಳ ಕಡೆ ನೋಡಿ ಅವರ ದನಿ ಬದಲಾಯಿತು. "ಇಷ್ಟ ದೂರ ನೀನಽ ಒಗದಿಯೇನು? ಅಳತಿ ಮಾಡಿಯೇನು?"

"ಇಲ್ಲ ಅಕ್ಕ. ಒಬ್ಳೇ ಅಲ್ವಾ, ಟೇಪ್ ಹಿಡಿಯೋರಿಲ್ಲ."

"ಅಳೀಲಾರದ ಎಷ್ಟ ಒಗದ್ರೇನು? ತಾ ಇಲ್ಲೆ ಟೇಪು."

ಅಂದಿನಿಂದ ಅದೇ ಕ್ರಮವಾಯಿತು. ಅವರು ಆಫೀಸಿನ ಕ್ಯಾಬಿನಿಂದಿಳಿದು, ಬ್ಯಾಗನ್ನು ಹೊಂಗೆ ಮರದ ಕೆಳಗಿಟ್ಟು, ಗುಂಡು ಬಿದ್ದ ಗುಳಿಯ ಬಳಿ ಟೇಪಿನ ತುದಿ ಹಿಡಿದು ಕೂರುತ್ತಿದ್ದರು. ಆಕಳಿಸುತ್ತಲೇ ಅಳತೆ ಕೂಗುತ್ತಿದ್ದರು. ಚೆನ್ನಾಗಿ ಬಿದ್ದರೆ "ಭೇಷ್!" ಇಲ್ಲದಿದ್ದರೆ "ನಿನ್ನೆ ಉಣ್ಣಲಿಲ್ಲೇನು?" ನಾನು ಮುಗಿಸಿ ಕಾಲೇಜಿಗೆ ಹೊರಟ ಮೇಲೆ ಅವರು ಮಲಗುತ್ತಿದ್ದರು. ಅಮ್ಮ ನನಗೆ ಬೇಯಿಸಿದ ಮೊಟ್ಟೆಗಳ ಜೊತೆ ಅವರಿಗೊಂದು ಲೋಟ ಹಾಲು ತಂದಿಡಲು ಶುರು ಮಾಡಿದರು.

ಮೊದಲ ವರ್ಷದ ಅಂತರ ಕಾಲೇಜು ಸ್ಪರ್ಧೆಗೆ ಮೇಡಂ ನನ್ನ ಹೆಸರು ಕೊಟ್ಟರು. ಅಲ್ಲಿ ಮೊದಲ ಬಾರಿಗೆ ನಿಜವಾದ ವೃತ್ತದೊಳಗೆ ನಿಂತೆ. ಮುಂದೆ ಒಂದು ಬಾಗಿದ ಮರದ ಪಟ್ಟಿ. ಅದರ ಒಳಮೈಗೆ ಕಾಲು ತಾಗಿದರೆ ಪರವಾಗಿಲ್ಲ, ಮೇಲೆ ತುಳಿದರೆ ಆ ಎಸೆತ ಲೆಕ್ಕಕ್ಕಿಲ್ಲ. ಬಯಲಲ್ಲಿ ಎಸೆದು ಅಭ್ಯಾಸವಾದವಳಿಗೆ ನಿಲ್ಲುವುದು ಗೊತ್ತಿರಲಿಲ್ಲ. ಮೂರು ಸಲವೂ ಗುಂಡಿನ ಹಿಂದೆಯೇ ನಾನೂ ಹೋದೆ. ಮೂರು ಸಲವೂ ಕೆಂಪು ಬಾವುಟ ಎದ್ದಿತು. ಫಲಿತಾಂಶದ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ದೂರವೇ ಇರಲಿಲ್ಲ.

ಮನೆಗೆ ಬಂದು ಅಜ್ಜಿಯ ಪಕ್ಕ ಕೂತು ಅತ್ತೆ. ಏನಾಯಿತೆಂದು ಅವರಿಗೆ ವಿವರಿಸಬೇಕಾಯಿತು. ಮರದ ಪಟ್ಟಿಯ ಮಾತು ಬಂದಾಗ ಅಜ್ಜಿ ತಡೆದರು.

"ಹೊಸ್ಲು ಇದ್ದಂಗೆ ಅನ್ನು. ಹೊಸ್ಲು ತುಳೀಬಾರ್ದು ಅಂತ ನಾನು ಬಾಯಿ ಬಡ್ಕೊಂಡಾಗ ನೀನು ಯಾವತ್ತು ಕೇಳಿದ್ದೆ? ಅಲ್ಲೇ ನಿಂತ್ಕೊಂಡು ಅಲ್ವೇನೇ ಫೋನಲ್ಲಿ ಮಾತಾಡೋದು?"

ನನಗೆ ಅಳುವಿನ ನಡುವೆಯೇ ನಗು ಬಂತು. ಅಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಅವರು ಮಾತು ಕಡಿಮೆಯ ಮನುಷ್ಯ. ಮುಖ್ಯರಸ್ತೆಯಲ್ಲಿ ನಮ್ಮದೊಂದು ಪೇಂಟ್ ಅಂಗಡಿಯಿತ್ತು. ಆ ಭಾನುವಾರ ಪರಿಚಯದ ಗಾರೆಯವರೊಬ್ಬರನ್ನು ಕರೆತಂದು, ಮೇಡಂಗೆ ಫೋನ್ ಮಾಡಿಸಿ ಅಳತೆ ಕೇಳಿ, ಸೈಟಿನಲ್ಲಿ ಸಿಮೆಂಟಿನ ವೃತ್ತ ಹಾಕಿಸಿದರು. ಹಳೆಯ ಹೆಂಚಿನ ಮನೆ ಕೆಡವಿದಾಗ ಎತ್ತಿಟ್ಟಿದ್ದ ಹಲಸಿನ ಮರದ ತೊಲೆಯೊಂದನ್ನು ಬಡಗಿಯಿಂದ ಬಾಗಿದ ಆಕಾರಕ್ಕೆ ಕೊಯ್ಯಿಸಿ ಮುಂದೆ ಕೂರಿಸಿದರು. ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು: ಬಾವಿ ಮುಚ್ಚಿಸಿದ್ರಾ? ಸಿಂಟೆಕ್ಸ್ ಇಡ್ತೀರಾ? ಗುಡಿ ಕಟ್ತೀರಾ? ಎಲ್ಲದಕ್ಕೂ ಅಪ್ಪನದು ಒಂದೇ ಉತ್ತರ. "ಮಗಳಿಗೆ."

ಸುದ್ದಿ ಬೀದಿಯಲ್ಲಿ ತನ್ನಷ್ಟಕ್ಕೆ ಬೆಳೆಯಿತು. ನಿಮ್ಮ ಮೊಮ್ಮಗಳು ಗುಂಡು ಹಾಕ್ತಾಳಂತೆ ಹೌದಾ ಎಂದು ದೇವಸ್ಥಾನದಲ್ಲಿ ಯಾರೋ ಅಜ್ಜಿಯನ್ನು ಪಿಸುಮಾತಿನಲ್ಲಿ ಕೇಳಿದರಂತೆ. "ಹೂಂ, ದಿನಾ ಬೆಳಿಗ್ಗೆನೇ. ಅವ್ರಪ್ಪನೇ ಜಾಗ ಮಾಡ್ಕೊಟ್ಟವ್ನೆ" ಎಂದು ಇವರು ಹೆಮ್ಮೆಯಿಂದ ಹೇಳಿ ಬಂದಿದ್ದರು. ಆ ಮಾತಿಗೆ ಕುಡಿಯುವ ಅರ್ಥವೂ ಇದೆಯೆಂದು ಅಮ್ಮ ಆಮೇಲೆ ಬಿಡಿಸಿ ಹೇಳಬೇಕಾಯಿತು.

ಎರಡನೆಯ ವರ್ಷ ಪೂರ್ತಿ ಬೆನ್ನು ತಿರುಗಿಸಿ ನಿಂತು, ಒಂದು ಕಾಲಿನ ಮೇಲೆ ಹಿಂದಕ್ಕೆ ಜಾರಿ ಬಂದು ಎಸೆಯುವುದನ್ನು ಕಲಿತೆ. ಮೊದಮೊದಲು ಜಾರಿದ ಕಾಲು ಎಲ್ಲೋ, ಗುಂಡು ಎಲ್ಲೋ. ಅಜ್ಜಿಯ ದಂಟಿನ ಸೊಪ್ಪಿನ ಒಂದು ಸಾಲು ನೆಲಸಮವಾಯಿತು. ಶನಿವಾರಗಳಲ್ಲಿ ಮೇಡಂ ಸ್ಕೂಟರಿನಲ್ಲಿ ತ್ಯಾಗರಾಜನಗರದಿಂದ ಅಷ್ಟು ದೂರ ಬಂದು ನೋಡಿ ಹೋಗುತ್ತಿದ್ದರು. ಹೋಗುವಾಗ ಅಜ್ಜಿ ಅವರ ಕೈಗೆ ಸೊಪ್ಪು ಕೊಟ್ಟು ಕಳಿಸುತ್ತಿದ್ದರು. ಆ ವರ್ಷ ನನಗೆ ಐದನೆಯ ಸ್ಥಾನ. ಪದಕವಿಲ್ಲ, ಆದರೆ ಹಾಳೆಯಲ್ಲಿ ಹೆಸರಿನ ಮುಂದೆ ಒಂದು ದೂರವಿತ್ತು. ಅಕ್ಕ ಅದನ್ನು ಫೋನಿನಲ್ಲಿ ಫೋಟೋ ತೆಗೆದು ಊರಿನ ತಮ್ಮ ಅವ್ವನಿಗೂ ಕಳಿಸಿದರು.

ಅಷ್ಟರಲ್ಲಿ ಚಿಕ್ಕಪ್ಪ ಅಪ್ಪನ ಬೆನ್ನು ಬಿದ್ದಿದ್ದರು. ಸುತ್ತ ಎಲ್ಲರೂ ಕಟ್ಟುತ್ತಿದ್ದಾರೆ, ನಾವು ಮಾತ್ರ ಖಾಲಿ ಬಿಟ್ಟಿದ್ದೇವೆ ಎಂಬುದು ಅವರ ವಾದ. ಒಂದು ಸಂಜೆ ನಾನು ಒಳಗೆ ಓದುತ್ತಿದ್ದಾಗ ಹೊರಗಿನ ಮಾತು ಕೇಳಿಸಿತು.

"ಏನಣ್ಣ, ಇಷ್ಟು ಜಾಗ ಕಲ್ಲೆಸೆಯೋಕಾ?"

"ಕಲ್ಲಲ್ಲ ಕಣೋ, ಗುಂಡು" ಎಂದರು ಅಪ್ಪ. "ಅವಳ ಡಿಗ್ರಿ ಮುಗೀಲಿ. ಕಟ್ಟೋದು ಎಲ್ಲಿ ಹೋಗುತ್ತೆ?"

ಅಪ್ಪ ನನ್ನ ಬಗ್ಗೆ ಇನ್ನೊಬ್ಬರ ಹತ್ತಿರ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೊನೆಯ ವರ್ಷದ ಸ್ಪರ್ಧೆ ನಗರದ ನಡುವಿನ ದೊಡ್ಡ ಕ್ರೀಡಾಂಗಣದಲ್ಲಿ. ಅಪ್ಪ ಸ್ಕೂಟರಿನಲ್ಲಿ ಬನಶಂಕರಿಯವರೆಗೆ ಕರೆತಂದರು, ಅಲ್ಲಿಂದ ಇಬ್ಬರೂ ಮೆಟ್ರೋ ಹಿಡಿಯುವುದು ಎಂದಾಗಿತ್ತು. ನಿಲ್ದಾಣದ ಸ್ಕ್ಯಾನರಿನೊಳಗೆ ನನ್ನ ಬ್ಯಾಗು ಹೋಗಿ ನಿಂತುಬಿಟ್ಟಿತು. ಪರದೆಯ ಮೇಲೆ ಕಪ್ಪಗೆ, ದುಂಡಗೆ ಕಾಣುತ್ತಿದ್ದ ವಸ್ತುವನ್ನು ಸೆಕ್ಯುರಿಟಿಯವರು ಬಗ್ಗಿ ನೋಡಿದರು.

"ಏನಮ್ಮ ಇದು ಬ್ಯಾಗಲ್ಲಿ?"

ಗಾಬರಿಯಲ್ಲಿ ನನ್ನ ಬಾಯಿಗೆ ಬಂದದ್ದು ಒಂದೇ. "ಗುಂಡು ಸಾರ್."

ಹಿಂದೆ ನಿಂತಿದ್ದವರು ಎರಡು ಹೆಜ್ಜೆ ಸರಿದರು. ಅಪ್ಪ ಮುಂದೆ ಬಂದು, ಬ್ಯಾಗಿನಿಂದ ಅದನ್ನು ತೆಗೆದು, ಸ್ಪರ್ಧೆಯ ಮಾತು ಹೇಳಿ, ನನ್ನ ಕಾಲೇಜಿನ ಗುರುತಿನ ಚೀಟಿ ತೋರಿಸಿದರು. ಆ ಸೆಕ್ಯುರಿಟಿಯವರು ಗುಂಡನ್ನು ಒಂದು ಕೈಯಲ್ಲಿ ಎತ್ತಲು ಹೋಗಿ, ಎರಡನೆಯ ಕೈ ಕೊಟ್ಟರು. "ಇದನ್ನ ಎಸೀತೀಯಾ? ಹೋಗಮ್ಮ, ಗೆದ್ಕೊಂಡ್ ಬಾ" ಎಂದರು.

ಅಕ್ಕ ರಾತ್ರಿ ಪಾಳಿ ಮುಗಿಸಿ ನೇರ ಕ್ರೀಡಾಂಗಣಕ್ಕೇ ಬಂದಿದ್ದರು. ಕೊರಳಲ್ಲಿ ಆಫೀಸಿನ ಟ್ಯಾಗು ಹಾಗೇ ಇತ್ತು. ಗ್ಯಾಲರಿಯಲ್ಲಿ ಅಪ್ಪನ ಪಕ್ಕ ಕೂತು ನನಗೆ ಕೈ ಬೀಸಿದರು.

ಮೊದಲ ಎಸೆತಕ್ಕೆ ನನ್ನ ಹೆಸರು ಕೂಗಿದಾಗ ಅಂಗೈ ಬೆವರುತ್ತಿತ್ತು. ಮಣ್ಣು ಮುಟ್ಟಿ ಕೈ ಒರೆಸಿಕೊಂಡೆ. ಬೆನ್ನು ತಿರುಗಿಸಿ ನಿಂತಾಗ ಕಂಡದ್ದು ಆಕಾಶ ಮತ್ತು ಗ್ಯಾಲರಿಯ ಚಾವಣಿಯ ಅಂಚು. ಜಾರಿ ಬಂದೆ, ತಿರುಗಿದೆ, ಬಿಟ್ಟೆ. ಕಾಲು ಮರದ ಒಳಮೈಗೆ ಬಡಿದು ಅಲ್ಲೇ ನಿಂತಿತು. ಬಿಳಿ ಬಾವುಟ. ಹನ್ನೆರಡು ಮೀಟರಿಗೆ ಇನ್ನು ಗೇಣು ಕಡಿಮೆ. ಸೈಟಿನಲ್ಲಿ ಎಂದೂ ಅಷ್ಟು ದೂರ ಬಿದ್ದಿರಲಿಲ್ಲ.

ಮುಂದಿನ ಯಾವ ಎಸೆತದಲ್ಲೂ ನಾನು ಅದರ ಹತ್ತಿರಕ್ಕೂ ಬರಲಿಲ್ಲ. ಗೆಲುವು ಎಂದರೆ ಕೊನೆಯಲ್ಲಿ ಹಾರಿ ಹಿಡಿಯುವುದು ಎಂದು ನಾನು ತಿಳಿದಿದ್ದೆ. ಅಂದು ಅದು ಬಿಸಿಲಲ್ಲಿ ಕೂತು ಕಾಯುವ ಕೆಲಸವಾಗಿತ್ತು. ಒಬ್ಬೊಬ್ಬರೂ ವೃತ್ತಕ್ಕೆ ಇಳಿದಾಗ ಉಸಿರು ಹಿಡಿಯುವುದು, ಟೇಪು ಎಳೆಯುವವರ ಮುಖ ನೋಡುವುದು, ಉಸಿರು ಬಿಡುವುದು. ಹಿಂದಿನ ವರ್ಷ ಗೆದ್ದಿದ್ದ ಹುಡುಗಿಯ ಕೊನೆಯ ಎಸೆತ ನನ್ನ ಗುರುತಿನ ಪಕ್ಕದಲ್ಲೇ ಬಿತ್ತು. ಎರಡು ಸಲ ಅಳೆದರು. ನನ್ನದು ನಾಲ್ಕು ಬೆರಳು ಮುಂದಿತ್ತು. ಮೇಡಂ ಬಂದು ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದರು.

ಪದಕ ಕೊರಳಿಗೆ ಬಿದ್ದ ಕೂಡಲೇ ಗ್ಯಾಲರಿಗೆ ಓಡಿದೆ. ಅಪ್ಪ ನಿಂತಿದ್ದರು, ಕಣ್ಣು ತುಂಬಿತ್ತು. ಅಕ್ಕ ಬ್ಯಾಗಿನ ಮೇಲೆ ತಲೆಯಿಟ್ಟು ಗಾಢ ನಿದ್ದೆಯಲ್ಲಿದ್ದರು. ಮೊದಲ ಎಸೆತಕ್ಕೂ ಮುಂಚೆಯೇ ಮಲಗಿಬಿಟ್ಟರು ಎಂದರು ಅಪ್ಪ. ಎಬ್ಬಿಸಿದರೆ ದಡಕ್ಕನೆ ಎದ್ದು ಕೂತು, "ಎಷ್ಟ ಬಿತ್ತು?" ಎಂದರು. ಹೇಳಿದೆ. "ಖೊಟ್ಟಿ ಮಾತು" ಎಂದರು, ನಂಬದೆ. ಪದಕ ತೋರಿಸಿದ ಮೇಲೆ ನನ್ನನ್ನು ತಬ್ಬಿಕೊಂಡು ಜೋರಾಗಿ ಅತ್ತರು.

ಆ ಗೆಲುವಿನಿಂದ ವಿಶ್ವವಿದ್ಯಾಲಯದ ತಂಡಕ್ಕೆ ಸೇರಿದೆ. ನೀಲಿ ಟ್ರ್ಯಾಕ್ ಸೂಟ್ ಹಾಕಿಕೊಂಡು ಎರಡು ದಿನ ರೈಲಿನಲ್ಲಿ ಹೋಗಿ, ಚಳಿಯ ಊರೊಂದರಲ್ಲಿ ನನಗಿಂತ ಎಷ್ಟೋ ದೊಡ್ಡ ಹುಡುಗಿಯರ ನಡುವೆ ಎಸೆದು, ಬರಿಗೈಯಲ್ಲಿ ಬಂದೆ. ಬೇಸರವಾಗಲಿಲ್ಲ. ಅಲ್ಲಿ ನಾನು ಗ್ರೂಪ್ ಫೋಟೋದ ನಡುವಿನಲ್ಲಿ ನಿಂತಿದ್ದೆ. ಈಗ ಜೆ.ಪಿ. ನಗರದ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆ. ಅಕ್ಕ ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾರೆ. ಈಗ ಹಗಲು ಕೆಲಸ.

ಡಿಗ್ರಿ ಮುಗಿದ ಬೇಸಿಗೆಯಲ್ಲೇ ಕಟ್ಟಡಕ್ಕೆ ಪಾಯ ಅಗೆಯಲು ಸೈಟಿಗೆ ಜೆಸಿಬಿ ಬಂದಿತ್ತು. ಡ್ರೈವರು ಕಾಫಿ ಕುಡಿಯುತ್ತಿದ್ದಾಗ ಅಪ್ಪ, "ಒಂದ್ಸಲ ನಾನೂ ನೋಡ್ತೀನಿ ಕೊಡು" ಎಂದು ಗುಂಡು ತೆಗೆದುಕೊಂಡರು. ಎಸೆದರು, ಜೊತೆಗೆ ತಾವೂ ವೃತ್ತದಾಚೆ ಹೋದರು. ಅಜ್ಜಿ ತಮಗೂ ಬೇಕೆಂದು ಹಟ ಹಿಡಿದು ಕಾಲಬುಡದಲ್ಲೇ ಬೀಳಿಸಿದರು. ಎಲ್ಲರೂ ನಗುತ್ತಿದ್ದಾಗ ಅಮ್ಮ ಕಾಫಿ ಲೋಟ ಒಯ್ಯಲು ಬಂದರು. ನೀನೂ ಹಾಕಮ್ಮ ಎಂದೆ. ಬೇಡ ಬೇಡ ಎನ್ನುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು ವೃತ್ತದೊಳಗೆ ನಿಂತರು. ಕಲಿಸದೆಯೇ ಗುಂಡನ್ನು ಕತ್ತಿಗೆ ಒತ್ತಿಕೊಂಡರು. ಮೂರು ವರ್ಷ ಅಡುಗೆಮನೆಯ ಕಿಟಕಿಯಿಂದ ನೋಡಿದ್ದರಲ್ಲ.

ಗುಂಡು ಅಪ್ಪನ ಗುಳಿ ದಾಟಿ ಬಹಳ ಮುಂದೆ ಹೋಗಿ ಬಿತ್ತು. ಅಮ್ಮ ಅದು ಬಿದ್ದ ಜಾಗವನ್ನು ಒಂದು ಗಳಿಗೆ ನೋಡಿ, ಅಂಗೈಯನ್ನು ಸೀರೆಗೆ ಒರೆಸಿಕೊಂಡು, "ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಒಳಗೆ ಹೋದರು.