ಮಂತ್ರಕ್ಕೊಂದು ಖಾಲಿ ಕೈ

ಆ ಭಾನುವಾರ ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪಾಂಡವಪುರದಲ್ಲಿ ಬಸ್ಸು ಸಿಗದೆ ಹೋಗಬಹುದಿತ್ತು. ಸಿಕ್ಕ ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಕೆಡದೆ ನೆಟ್ಟಗೆ ಶ್ರೀರಂಗಪಟ್ಟಣ ಮುಟ್ಟಿದರೂ, ನಾನು ನಿದ್ದೆಹೋಗಿ ಮೈಸೂರಿನಲ್ಲಿ ಕಣ್ಣು ಬಿಡಬಹುದಿತ್ತು. ಮಳೆ ಬರಬಹುದಿತ್ತು, ಅದಕ್ಕೆಂದು ಕೊಡೆ ಹಿಡಿದಿದ್ದೆ. ಗಾಳಿಗೆ ಕೊಡೆ ಮಗುಚಿಕೊಳ್ಳಬಹುದಿತ್ತು. ಅದಕ್ಕೆಂದು ಚೀಲದಲ್ಲಿ ಟವೆಲ್ಲು ಇಟ್ಟಿದ್ದೆ. ದಾಳಗಳು ಕಳೆದುಹೋಗಬಹುದಿತ್ತು, ಮಾತ್ರೆಯ ಖಾಲಿ ಡಬ್ಬಿಯೊಂದರಲ್ಲಿ ಇನ್ನೊಂದು ಜೊತೆ ದಾಳವಿತ್ತು. ಅವನ್ನು ಯಾರಾದರೂ ಮಾತ್ರೆಯೆಂದು ನುಂಗಿಬಿಡಬಹುದಿತ್ತು. ಡಬ್ಬಿಯ ಮೇಲೆ ‘ನುಂಗಬಾರದು’ ಎಂದು ಚೀಟಿ ಅಂಟಿಸಿದ್ದೆ.

ನನ್ನನ್ನು ಪುಕ್ಕಲ ಎನ್ನಬೇಡಿ. ಇದು ಕಸುಬಿನಿಂದ ಬಂದ ರೋಗ. ನನ್ನದು ಪಾಂಡವಪುರದಲ್ಲಿ ಒಂದು ಔಷಧಿ ಅಂಗಡಿ. ಪ್ರತಿ ಮಾತ್ರೆಯ ಪೆಟ್ಟಿಗೆಯಲ್ಲೂ ಇರುವೆಯಂಥ ಅಕ್ಷರಗಳ ಒಂದು ಕಾಗದ ಮಡಚಿ ಇಟ್ಟಿರುತ್ತಾರಲ್ಲ, ಈ ಮಾತ್ರೆ ನುಂಗಿದರೆ ಏನೇನಾಗಬಹುದು ಎಂದು? ಗಿರಾಕಿಗಳು ಅದನ್ನು ಬಿಸಾಡುತ್ತಾರೆ. ನಾನು ಓದುತ್ತೇನೆ. ಇಪ್ಪತ್ತೆರಡು ವರ್ಷದಿಂದ ಓದುತ್ತಿದ್ದೇನೆ. ಈಗ ಬೆಳಗ್ಗೆ ಕಾಫಿ ಲೋಟ ಕಂಡರೂ ಅದರ ಹಿಂದೊಂದು ಮಡಚಿದ ಕಾಗದ ಕಾಣುತ್ತದೆ.

ಇಂಥವನು ರಾಕ್ಷಸರ ಜೊತೆ ಕಾದಾಡುವ ಆಟಕ್ಕೆ ಹೇಗೆ ಬಿದ್ದ ಎಂದು ಕೇಳುತ್ತೀರಿ. ನನ್ನ ಹೆಂಡತಿಯ ತಂಗಿ ಸುನಂದ ಕೆ.ಆರ್. ಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಅವಳ ಶಾಲೆಯ ಲೈಬ್ರರಿಗೆ ಯಾರೋ ಪುಣ್ಯಾತ್ಮರು ದಾನ ಕೊಟ್ಟ ಹಳೇ ಪುಸ್ತಕಗಳ ನಡುವೆ ಈ ಆಟದ ಪೆಟ್ಟಿಗೆಯಿತ್ತು. ಮಕ್ಕಳಿಗೆ ಕಲಿಸೋಣವೆಂದು ಅವಳು ಮೊದಲು ದೊಡ್ಡವರ ಮೇಲೆ ಪ್ರಯೋಗ ಮಾಡಿದಳು. ಪ್ರಯೋಗಕ್ಕೆ ಈಗ ಎರಡು ವರ್ಷ. ಮಕ್ಕಳ ಸರದಿ ಇನ್ನೂ ಬಂದಿಲ್ಲ.

ಆಟ ಇಷ್ಟೇ. ಇಲ್ಲದ ಒಂದು ಲೋಕ. ಅಲ್ಲಿ ನಮಗೆ ತಲಾ ಒಂದು ಪಾತ್ರ, ಪಾತ್ರಕ್ಕೊಂದು ಕಸುಬು. ಎದುರಿಗೆ ಏನಿದೆ ಎಂದು ಸುನಂದ ಹೇಳುತ್ತಾಳೆ, ಏನು ಮಾಡುತ್ತೇವೆ ಎಂದು ನಾವು ಹೇಳುತ್ತೇವೆ, ಆಯಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಸತ್ತ ಪಾತ್ರಕ್ಕೆ ಮರುಜೀವವಿಲ್ಲ. ಅದರ ಹಾಳೆಯನ್ನು ಸುನಂದ ನಮ್ಮೆದುರೇ ಹರಿದು ಹಾಕುತ್ತಾಳೆ. ಮನೆಯಲ್ಲಿ ‘ಭಾವ, ಇನ್ನೊಂದು ಚಪಾತಿ’ ಎನ್ನುವ ಹುಡುಗಿಗೆ ಆ ಹೊತ್ತಿನಲ್ಲಿ ಕರುಣೆ ಎಂಬುದೇ ಇರುವುದಿಲ್ಲ.

ಆಡುವವರು ಮೂವರು. ನಾಗಮಂಗಲದ ಹಾಸ್ಟೆಲಿನಲ್ಲಿ ನನ್ನ ಜೊತೆ ಓದಿದ ಶಿವಣ್ಣ ಬಿಂಡಿಗನವಿಲೆಯಲ್ಲಿ ಕುರಿ ಸಾಕುತ್ತಾನೆ. ಆಟದಲ್ಲಿ ಅವನು ಕಳ್ಳ. ಎರಡನೆಯವರು ನಯಾಜ್ ಭಾಯಿ. ಶ್ರೀರಂಗಪಟ್ಟಣದಲ್ಲಿ ಪ್ರವಾಸಿಗಳಿಗೆ ಟೆಂಪೋ ಓಡಿಸುತ್ತಾರೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ನಾವು ಸೇರುವುದು ಅವರ ಮನೆಯ ಹಜಾರದಲ್ಲೇ. ಆಟದಲ್ಲಿ ಅವರು ವೈದ್ಯ. ಆ ವೈದ್ಯನಿಗೆ ತಮ್ಮ ದಾದಾನ, ಅಂದರೆ ತಾತನ, ಹೆಸರನ್ನೇ ಇಟ್ಟಿದ್ದಾರೆ, ಬಾಬಾಜಾನ್ ಎಂದು. ನಿಜವಾದ ಬಾಬಾಜಾನ್ ಇದೇ ಊರಲ್ಲಿ ಜಟಕಾ ಹೊಡೆಯುತ್ತಿದ್ದವರು; ಸುತ್ತಮುತ್ತಲ ಕುದುರೆಗಳಿಗೆಲ್ಲ ಮದ್ದು ಅರೆಯುತ್ತಿದ್ದರಂತೆ. ನಯಾಜ್ ಭಾಯಿಗೆ ಹತ್ತು ವರ್ಷವಿದ್ದಾಗ ಹೋಗಿಬಿಟ್ಟರು. ನಮ್ಮ ಹಾಳೆಗಳ ಮೇಲೆ ಟೀ ಕಲೆ, ಖಾರಾಬೂಂದಿಯ ಎಣ್ಣೆ. ಬಾಬಾಜಾನ್ ಹಾಳೆ ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ, ಮೂಲೆಯಲ್ಲೊಂದು ಪುಟ್ಟ ಗಡ್ಡದ ಚಿತ್ರದೊಡನೆ.

ಇನ್ನು ನನ್ನ ಪಾತ್ರ. ಮೊದಲು ಯೋಧನಾದೆ. ಆಡಿ ಪಳಗಿದಂತೆಲ್ಲ ಪಾತ್ರ ತನ್ನ ಕಸುಬಿನಲ್ಲಿ ಒಂದೊಂದೇ ಮೆಟ್ಟಿಲು ಏರುತ್ತದೆ; ಮೂರು ಏರಿದ ಮೇಲೆ ಯೋಚನೆ ಹತ್ತಿತು: ಕತ್ತಿ ಮುರಿದರೆ? ಈ ಆಟದಲ್ಲಿ ಒಬ್ಬನೇ ಎರಡು ಕಸುಬು ಬೆರೆಸಿಕೊಳ್ಳಲು ಅವಕಾಶವಿದೆ. ಆದರೆ ಏರುವ ಪ್ರತಿ ಮೆಟ್ಟಿಲು ಎರಡರಲ್ಲಿ ಒಂದಕ್ಕೆ ಮಾತ್ರ ಸಲ್ಲುತ್ತದೆ. ಹಾಗಾಗಿ ಮಿಕ್ಕಿಬ್ಬರು ತಮ್ಮ ಕಸುಬಿನಲ್ಲಿ ಐದನೆಯ ಮೆಟ್ಟಿಲಲ್ಲಿ ನಿಂತಾಗ, ನಾನು ಯೋಧನಾಗಿ ಮೂರು, ಮಂತ್ರವಾದಿಯಾಗಿ ಎರಡು.

“ಲೇ, ನೀನು ಅತ್ಲಾಗೆ ಪೈಲ್ವಾನನೂ ಅಲ್ಲ, ಇತ್ಲಾಗೆ ಮಂತ್ರವಾದೀನೂ ಅಲ್ಲ. ಇನ್ನೇನ್ಲಾ ನೀನು?” ಎಂದ ಶಿವಣ್ಣ.

“ಮುನ್ನೆಚ್ಚರಿಕೆ” ಎಂದೆ.

ನನಗೇನೂ ಅದು ವಿಚಿತ್ರವೆನಿಸಲಿಲ್ಲ. ನಮ್ಮ ಕಡೆ ಒಂದೇ ಕಸುಬು ಮಾಡುವವನನ್ನು ಕಂಡರೆ ಜನ ‘ಮೈ ಉಸಾರಾಗಿಲ್ವಾ’ ಎಂದು ವಿಚಾರಿಸುತ್ತಾರೆ. ಮಾಕವಳ್ಳಿಯ ಕಾರ್ಖಾನೆಗೆ ಕಬ್ಬು ಸಾಗಿಸುವ ನನ್ನ ಸೋದರಮಾವನ ಮಗ ಊರೂರಿನ ನಾಟಕಕ್ಕೆ ಹಾರ್ಮೋನಿಯಂ ನುಡಿಸುತ್ತಾನೆ. ನಾನೇ ಬೆಳಗ್ಗೆ ಎರಡು ಹಸು ಕರೆದು, ಡೈರಿಗೆ ಹಾಲು ಹಾಕಿ, ಆಮೇಲೆ ಅಂಗಡಿಯ ಬಾಗಿಲು ತೆಗೆಯುವವನು. ಗಿರಾಕಿಗಳು ನನ್ನ ಮೈ ಹಿಂಡಿ ನಾರುತ್ತದೆ ಎನ್ನುತ್ತಾರೆ. ಹಸು ನನ್ನ ಮೈ ಟಿಂಚರು ನಾರುತ್ತದೆ ಎಂದು ಒದೆಯುತ್ತದೆ. ಅಂಗಡಿಯಲ್ಲಿ ಜೋಡಿ ಮಾತ್ರೆಗಳೂ ಇವೆ, ಜ್ವರಕ್ಕೂ ನೆಗಡಿಗೂ ಸೇರಿ ಒಂದೇ ಬಿಲ್ಲೆ. ಜನಕ್ಕೆ ಬಲು ಇಷ್ಟ. ಅದರ ಕಾಗದವನ್ನು ಬಿಡಿಸಿ ನೋಡಿದವನಿಗೆ ಮಾತ್ರ ಗೊತ್ತು, ಅಡ್ಡ ಪರಿಣಾಮಗಳೂ ಜೋಡಿ ಎಂದು.

ನನ್ನ ಯೋಧನ ಚಿತ್ರ ಬರೆಯುವಾಗ ನೆನಪಾದದ್ದು ನಮ್ಮೂರು ಸಿಂಧಘಟ್ಟದಲ್ಲಿ ನಾನು ಬಾಲ್ಯದಿಂದ ಕಂಡ ಒಂದು ವೀರಗಲ್ಲು. ವೀರನ ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಗುರಾಣಿ, ತುಂಬಿದ ಮೀಸೆ. ಹಾಗೆಯೇ ಬರೆದೆ. ಆ ಕಲ್ಲಿನಲ್ಲಿ ಅವನ ಮೇಲೆ ಕೆತ್ತನೆಯ ಇನ್ನೆರಡು ಅಂಕಣಗಳೂ ಇದ್ದವು, ಅವನ್ನು ಗಮನಿಸಲಿಲ್ಲ.

ಮಂತ್ರಗಳನ್ನು ಕಲಿತೆನೇ ಹೊರತು ಒಂದನ್ನೂ ಹಾಕಿರಲಿಲ್ಲ. ಪ್ರತಿ ಸಲವೂ ‘ಇದಕ್ಕಿಂತ ಕಷ್ಟಕಾಲಕ್ಕೆ ಇರಲಿ’ ಎಂದು ಉಳಿಸಿಕೊಳ್ಳುತ್ತಿದ್ದೆ. ಆ ಭಾನುವಾರ ಕಷ್ಟಕಾಲ ಬಂತು. ನಾವು ದಾಟುತ್ತಿದ್ದ ಹಗ್ಗದ ಸೇತುವೆ ಕಿತ್ತುಕೊಂಡಿತು. ಶಿವಣ್ಣನೂ ನಾನೂ ದಡ ಸೇರಿದ್ದೆವು. ಬಾಬಾಜಾನ್ ಒಂದು ಹಲಗೆ ಹಿಡಿದು ನೇತಾಡುತ್ತಿದ್ದರು. ಕೆಳಗೆ ಬಂಡೆ, ಬಂಡೆಯ ಸುತ್ತ ಹೊಳೆ. ನನ್ನ ಬಳಿ ಬೀಳುವವರನ್ನು ತೇಲಿಸಿ ಇಳಿಸುವ ಮಂತ್ರವಿತ್ತು. ಗಂಟಲು ಸರಿಮಾಡಿಕೊಂಡು ಮಂತ್ರ ಹಾಕಿದೆ ಎಂದೆ.

“ಭಾವ, ಬಲಗೈಲಿ ಏನದೆ?” ಎಂದಳು ಸುನಂದ.

“ಕತ್ತಿ.”

“ಎಡಗೈಲಿ?”

“ಗುರಾಣಿ.”

“ಮಂತ್ರಕ್ಕೆ ಬೆರಳಲ್ಲಿ ಮುದ್ರೆ ಇಡೀಬೇಕು. ಯಾವ ಕೈಲಿ ಇಡೀತೀರಾ?”

ನಾನು ಎಲ್ಲಕ್ಕೂ ಸಿದ್ಧನಾಗಿದ್ದೆ. ಎಲ್ಲಕ್ಕೂ ಸಿದ್ಧನಾದವನಿಗೆ ಕೈ ಖಾಲಿ ಇರುವುದಿಲ್ಲ ಎಂಬುದು ಹೊಳೆದಿರಲಿಲ್ಲ.

“ಅತ್ತು ಎಣಿಸ್ತೀನಿ. ಅಷ್ಟರಲ್ಲಿ ಯಾವ ಕೈ ಅಂತ ಏಳಿ. ಒಂದು, ಎರಡು…”

ಕತ್ತಿ ಕೆಳಗೆ ಹಾಕಲೇ? ಹಿಂದಿನಿಂದ ರಾಕ್ಷಸ ಬಂದರೆ? ಗುರಾಣಿ ಹಾಕಲೇ? ಬಾಣ ಬಂದರೆ?

“ಬುಡ್ಲಾ ಕತ್ತಿಯ!” ಎಂದು ಶಿವಣ್ಣ ಕೂಗಿದ. “ಅದೇನು ನಿಮ್ಮಪ್ಪ ಮಾಡಿಸಿಕೊಟ್ಟಿದ್ದಾ? ಇಲ್ದೇ ಇರೋ ಕತ್ತಿ ಕಣ್ಲಾ ಅದು!”

“ಐದು, ಆರು…”

ಆಗ ಕಣ್ಣ ಮುಂದೆ ಬಂದದ್ದು ವೀರಗಲ್ಲಿನ ಮೇಲಿನ ಅಂಕಣಗಳು. ಎರಡು ಕೈಯಲ್ಲೂ ಆಯುಧ ಹಿಡಿದ ಆ ಮೀಸೆಯವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದರು. ಸತ್ತಿದ್ದಾನೆ ಎಂದೇ ತಾನೆ ಕಲ್ಲು ನಿಲ್ಲಿಸಿರುವುದು!

“ಏಳು, ಎಂಟು…”

ನಯಾಜ್ ಭಾಯಿ ಪ್ಲಾಸ್ಟಿಕ್ ಕವರಿನಿಂದ ಹಾಳೆಯನ್ನು ಹೊರತೆಗೆದು ಸುನಂದಳ ಕಡೆ ಸರಿಸಿದರು. “ಇರ್ಲಿ ಬುಡಿ ಅಣ್ಣಾ” ಎಂದರು ಮೆಲ್ಲಗೆ. “ದಾದಾಗೆ ವಯಸ್ಸಾಯ್ತು. ನಿಮ್ಮ ಸಾಮಾನು ನೀವು ಇಟ್ಕಳಿ.”

“ಆಕ್ದೆ!” ಎಂದು ಕಿರುಚಿದೆ. ಅಷ್ಟು ವರ್ಷ ಅಂಗಡಿಯಲ್ಲಿ ಜೋಪಾನ ಮಾಡಿದ ‘ಹ’ಕಾರ ಎಲ್ಲಿ ಹೋಯಿತೋ. “ಎರಡೂ ಆಕ್ದೆ!”

“ಒಂದು ಸಾಕಾಗಿತ್ತು ಭಾವ” ಎಂದಳು ಸುನಂದ. “ದಾಳ ಉರುಳ್ಸಿ. ಅನ್ನೆರಡಕ್ಕೆ ಕಮ್ಮಿ ಬೀಳಬಾರ್ದು.”

ಹದಿಮೂರು ಬಿತ್ತು. ಬಾಬಾಜಾನ್ ಬೂರುಗದ ಹತ್ತಿಯ ಹಾಗೆ ತೇಲುತ್ತಾ ಬಂದು ದಡದಲ್ಲಿ ಕಾಲೂರಿದರು. ನನ್ನ ಕತ್ತಿ, ಗುರಾಣಿಗಳನ್ನು ಹೊಳೆ ಕೊಂಡೊಯ್ಯಿತು. ನಯಾಜ್ ಭಾಯಿ ಹಾಳೆಯನ್ನು ಮತ್ತೆ ಕವರಿಗೆ ಸೇರಿಸಿದರು. ಒಂದೇ ಸಲಕ್ಕೆ ಸೇರಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನವರೆಗೂ ಅವರೇ ಬಂದರು. ಹೊರಡುವಾಗ, ಅವರಲ್ಲಿ ಮಾಡುವಂತೆ, ಎರಡೂ ಕೈ ಚಾಚಿದರು. ನನ್ನ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕೊಡೆ. ಈ ಸಲ ಯಾರೂ ಎಣಿಸಬೇಕಾಗಲಿಲ್ಲ. ಎರಡನ್ನೂ ಕಲ್ಲುಬೆಂಚಿನ ಮೇಲೆ ಹಾಕಿ ಅವರ ಕೈಗಳನ್ನು ಹಿಡಿದುಕೊಂಡೆ. ಕಂಡಕ್ಟರು “ಪಾಂಡವಪುರ! ಅತ್ರೀ, ಬೇಗ ಅತ್ರೀ!” ಎಂದು ಕೂಗಿದಾಗ ಚೀಲ ಬಾಚಿಕೊಂಡು ಹತ್ತಿದೆ.

ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಪಟ್ಟಿಯನ್ನೊಮ್ಮೆ ತಾಳೆ ನೋಡಿದೆ. ಬಸ್ಸು ಸಿಕ್ಕಿತ್ತು. ಕೆಟ್ಟಿರಲಿಲ್ಲ. ಮೈಸೂರಿಗೆ ಹೋಗಿರಲಿಲ್ಲ. ದಾಳಗಳೆಲ್ಲ ಡಬ್ಬಿಯಲ್ಲಿದ್ದವು, ಯಾರೂ ನುಂಗಿರಲಿಲ್ಲ. ಟವೆಲ್ಲು ಮಡಿಕೆ ಮುರಿಯದೆ ಚೀಲದಲ್ಲಿತ್ತು. ಕಿರಂಗೂರು ದಾಟುತ್ತಿದ್ದಂತೆ ಕಿಟಕಿಯ ಗಾಜಿನ ಮೇಲೆ ಮೊದಲ ಹನಿಗಳು ಪಟಪಟನೆ ಬಿದ್ದವು. ಕೊಡೆ ಶ್ರೀರಂಗಪಟ್ಟಣದ ಕಲ್ಲುಬೆಂಚಿನ ಮೇಲಿತ್ತು.