ಪಗಾರ ಎಷ್ಟ್ರಿ, ಸಿಸ್ಟರ್?

ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ ಒಬ್ಬ ರೋಗಿಯ ತೋಳಿಗೆ ಡಯಾಲಿಸಿಸ್ ಸೂಜಿ ಹಾಕಿ ಪಟ್ಟಿ ಅಂಟಿಸುತ್ತಿದ್ದೆ. ಅವರು ನೋವಿಗೆ ಮುಖ ಸಿಂಡರಿಸಲಿಲ್ಲ. ನನ್ನನ್ನೇ ನೋಡುತ್ತ, ವಾರ್ಡಿಗೆಲ್ಲ ಕೇಳುವಂತೆ ಕೇಳಿದರು:

“ಹೊಸಬ್ರೇನ್ರಿ ಸಿಸ್ಟರ್? ಪಗಾರ ಎಷ್ಟ್ ಕೊಡ್ತಾರ್ರಿ ನಿಮಗ?”

ಪಗಾರ ಎಂದರೆ ಸಂಬಳ. ನಾನು ಬೆಚ್ಚಿದ್ದು ಪದಕ್ಕಲ್ಲ, ಪ್ರಶ್ನೆಗೆ. ಮೈಸೂರಿನ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಜೊತೆಯಲ್ಲಿ ಕೂತು ಬುತ್ತಿ ಬಿಚ್ಚಿದವರ ಸಂಬಳವೂ ನನಗೆ ಗೊತ್ತಿರಲಿಲ್ಲ. ಕೇಳಿದರೆ ಅವರು ಮಾತು ಬದಲಿಸುತ್ತಿದ್ದರು. ಇಲ್ಲಿ ಅದು, ನಾಷ್ಟಾ ಆಯಿತೇ ಎಂದು ಕೇಳಿದಷ್ಟೇ ಸಲೀಸು. ಏನು ಮಾಡುವುದೆಂದು ತೋಚದೆ ಮೆಲ್ಲಗೆ ಹೇಳಿಬಿಟ್ಟೆ. ಅವರು ಪಕ್ಕದ ಹಾಸಿಗೆಯ ಬಳಿಯಿದ್ದ ನರ್ಸ್ ಕಡೆ ತಿರುಗಿದರು.

“ಏ ಮಾದೇವಿ, ನಿನಗಿಂತ ಭಾಳ ಕಡಿಮಿ ಐತಲ್ಲವಾ!”

“ಹೌದೇನ್ರಿ ಚಾಚಾ?” ಎಂದಳು ಆಕೆ, ಯಂತ್ರದ ಗುಂಡಿ ಒತ್ತುತ್ತಲೇ. “ಅಕ್ಕಾರು ಕೇಳಿರಂಗಿಲ್ಲ, ಆಸ್ಪತ್ರಿಯವರು ಕೊಟ್ಟಿರಂಗಿಲ್ಲ.”

ದಾದಾಪೀರ್ ಚಾಚಾ ಹಳೇ ಹುಬ್ಬಳ್ಳಿಯಲ್ಲಿ ಗ್ಯಾರೇಜು ನಡೆಸಿದವರು. ಈಗ ವಾರಕ್ಕೆ ಎರಡು ಸಲ ನಮ್ಮಲ್ಲಿಗೆ ಬಂದು ರಕ್ತ ಶುದ್ಧ ಮಾಡಿಸಿಕೊಳ್ಳುತ್ತಾರೆ. ಮಹಾದೇವಿ ನನಗಿಂತ ಚಿಕ್ಕವಳು. ಓದು ಒಂದೇ, ಕೆಲಸ ಒಂದೇ, ಅನುಭವ ನನ್ನದೇ ಹೆಚ್ಚು. ಆ ಬೆಳಿಗ್ಗೆ ನನ್ನೊಳಗೆ ಹೊಕ್ಕ ಹೊಟ್ಟೆಕಿಚ್ಚು ಇವತ್ತಿನವರೆಗೂ ಪೂರ್ತಿ ಹೊರಗೆ ಹೋಗಿಲ್ಲ. ಇದನ್ನು ನಮ್ಮ ಮೈಸೂರು ಕಡೆಯವರಾದ ನಿಮ್ಮ ಮುಂದೆ ಹೇಳದೆ ಇನ್ನಾರ ಮುಂದೆ ಹೇಳಲಿ?

ಮೈಸೂರಿನ ಆಸ್ಪತ್ರೆ ಡಯಾಲಿಸಿಸ್ ವಿಭಾಗ ಮುಚ್ಚಿದಾಗ ಕೆಲಸ ಸಿಕ್ಕಿದ್ದು ಇಲ್ಲಿ, ಕೇಶ್ವಾಪುರದ ಹತ್ತಿರದ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಕೋಣೆ ಸಿಕ್ಕಿದ್ದು ಧಾರವಾಡದ ಮಾಳಮಡ್ಡಿಯಲ್ಲಿ, ಒಂದು ಹಳೆಯ ಮನೆಯ ಮಹಡಿಯ ಮೇಲೆ. ಕೆಳಗೆ ಬೇವಿನ ಮರ, ಸಂಜೆ ಯಾರದೋ ಮನೆಯ ಹಾರ್ಮೋನಿಯಂ. ನೀರು ಬರುವ ದಿನ ಮಾತ್ರ ಬೀದಿಗೆ ಬೀದಿಯೇ ಎಚ್ಚರ. ದಿನವೂ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಬರುತ್ತೇನೆ. ಚಿಗರಿ ಎಂದರೆ ಇಲ್ಲಿ ಜಿಂಕೆ. ಬಸ್ಸಿಗೆ ಇಷ್ಟು ಚಂದದ ಹೆಸರಿಟ್ಟವರ ಮೇಲೂ ನನಗೆ ಮೊದಲು ಅಸೂಯೆಯೇ ಆಯಿತು.

ಮಧ್ಯಾಹ್ನ ಮಹಾದೇವಿ ಡಬ್ಬಿ ತೆರೆದರೆ ತೆಳ್ಳನೆಯ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಕೇಳುವ ಮೊದಲೇ ನನ್ನ ತಟ್ಟೆಗೆ ಹಾಕುತ್ತಿದ್ದಳು. ನಾನು ಮುದ್ದೆಯನ್ನು ನೆನೆದುಕೊಂಡು ರೊಟ್ಟಿ ಮುರಿಯುತ್ತಿದ್ದೆ. ರೊಟ್ಟಿ ರುಚಿಯಾಗಿತ್ತು, ಅದೂ ನನಗೆ ಸೇರುತ್ತಿರಲಿಲ್ಲ. ಅವಳ ಅತ್ತೆಯ ಆಪರೇಷನ್ ನಮ್ಮ ಆಸ್ಪತ್ರೆಯಲ್ಲೇ ಬಿಲ್ಲಿಲ್ಲದೆ ಆಗಿತ್ತು. ಅವಳಿಗೆ ರಜೆ ಬೇಕಾದರೆ ಕಾರಿಡಾರಿನಲ್ಲಿ ನಿಂತು ಮೇಲಿನವರಿಗೆ ಒಂದು ಮಾತು ಹೇಳಿದರೆ ಸಾಕು. ಮೈಸೂರಿನಲ್ಲಿ ಇಂಥದ್ದಕ್ಕೆಲ್ಲ ನಿಯಮವಿತ್ತು. ವರ್ಷಕ್ಕೊಮ್ಮೆ ಸಂಬಳ ತಾನಾಗಿ ಏರುತ್ತಿತ್ತು, ಭವಿಷ್ಯ ನಿಧಿಗೆ ದುಡ್ಡು ತಾನಾಗಿ ಹೋಗುತ್ತಿತ್ತು. ಆದರೆ ಅಲ್ಲಿನ ಆಡಳಿತದವರಲ್ಲಿ ಒಬ್ಬರಿಗೂ ನನ್ನ ಹೆಸರು ಗೊತ್ತಿರಲಿಲ್ಲ.

ನಿಯಮ ಕಂಡು ಬಂದವಳು ನಾನು. ಮಹಾದೇವಿಗೆ ಕೊಡುವಷ್ಟೇ ನನಗೂ ಕೊಡಬೇಕೆಂದು ಅಚ್ಚುಕಟ್ಟಾಗಿ ಒಂದು ಅರ್ಜಿ ಬರೆದು ಆಫೀಸಿಗೆ ಕೊಟ್ಟೆ. ತಿಂಗಳುಗಳು ಹೋದವು. ಕೊನೆಗೆ ಆಫೀಸಿನ ಗುಮಾಸ್ತ, ಎಲ್ಲರೂ ಕಾಕಾ ಎಂದು ಕರೆಯುವ ವಯಸ್ಸಾದವರು, ದನಿ ತಗ್ಗಿಸಿ ಹೇಳಿದರು:

“ಅರ್ಜಿ ಯಾಕ ಬರದ್ರಿ ತಂಗಿ? ಬಾಯಾರು ಮನಸಿಗೆ ಹಚ್ಕೊಂಡಾರ. ‘ನಾವೇನು ಪರಕೀಯರಾ, ಮಾತಾಡಾಕ ಬಾಯಿಲ್ಲೇನು ಆಕಿಗೆ’ ಅಂದ್ರು.”

ಬಾಯಾರು ಎಂದರೆ ದೊಡ್ಡ ಡಾಕ್ಟರರ ಹೆಂಡತಿ. ಆಸ್ಪತ್ರೆಯ ಆಡಳಿತವೆಲ್ಲ ಅವರದೇ. ನನ್ನ ಪಾಲಿಗೆ ಅರ್ಜಿ ಎಂದರೆ ಮರ್ಯಾದೆ. ಅವರ ಪಾಲಿಗೆ ಅದು ಜಗಳದ ಮೊದಲ ಹೆಜ್ಜೆ.

ಆಮೇಲೆ ದಸರೆ ಬಂತು. ನಮ್ಮ ಕಡೆ ದಸರೆ ಎಂದರೆ ಆನೆ, ದೀಪ, ಜನಜಂಗುಳಿ. ಇಲ್ಲಿ ವಿಜಯದಶಮಿಯ ಸಂಜೆ ಬನ್ನಿ ಮರದ ಎಲೆ ಹಿಡಿದು ಮನೆ ಮನೆಗೆ ಹೋಗುತ್ತಾರೆ. ಎಲೆ ಕೈಗಿತ್ತು, “ಬನ್ನಿ ತಗೊಂಡು ಬಂಗಾರದಂಗ ಇರೂಣು” ಎನ್ನುತ್ತಾರೆ. ಕಿರಿಯರು ಹಿರಿಯರ ಕಾಲಿಗೆ ಬೀಳುತ್ತಾರೆ. ವರ್ಷದ ಮುನಿಸು ಅಲ್ಲಿಗೆ ಮುಗಿಯಬೇಕು. ಆಸ್ಪತ್ರೆಯವರೆಲ್ಲ ಬಾಯಾರ ಮನೆಗೆ ಹೊರಟಾಗ ನಾನು, “ಎಲ್ಲರೂ ಹೋಗಿಬನ್ನಿ, ವಾರ್ಡ್ ನಾನು ನೋಡ್ಕೋತೀನಿ” ಎಂದೆ. ಹಬ್ಬದ ದಿನ ಕೆಲಸ ಮಾಡಿದ್ದು ಲೆಕ್ಕಕ್ಕೆ ಬರುತ್ತದೆ ಎಂದುಕೊಂಡಿದ್ದೆ.

ಅವರು ಗಲಗಲ ಮಾತಾಡುತ್ತ ಮರಳಿದರು. ಬನ್ನಿ ಕೊಟ್ಟು, ಚಹಾ ಕುಡಿದು, ಒಬ್ಬೊಬ್ಬರೂ ತಮ್ಮ ಮನಸ್ಸಿನಲ್ಲಿದ್ದದ್ದನ್ನು ಬಾಯಾರ ಕಿವಿಗೆ ಹಾಕಿ ಬಂದಿದ್ದರು. ಮಹಾದೇವಿಯ ಪಗಾರ ಮತ್ತೆ ಏರಿತ್ತು. ಅವಳು ನೇರ ನನ್ನ ಹತ್ತಿರ ಬಂದು ಎಲೆ ಚಾಚಿದಳು.

“ತಗೋರಿ ಅಕ್ಕಾರ, ಬಂಗಾರದಂಗ ಇರೂಣು.”

“ಕೈಗವಸು ಹಾಕಿದ್ದೀನಿ” ಎಂದೆ. ಹಾಕಿದ್ದು ನಿಜ. ಬಿಚ್ಚಬಹುದಿತ್ತು ಎನ್ನುವುದೂ ನಿಜ.

ಚಾಚಾ ಮಲಗಿದ್ದಲ್ಲಿಂದಲೇ ಕತ್ತೆತ್ತಿದರು. “ಅರೇ ಸಿಸ್ಟರ್, ನಾನ ತಗೊಂಡೇನಿ, ನಿಮಗೇನಾಗೇತ್ರಿ? ಸಿಟ್ಟಿದ್ರ ಬೈರಿ. ಎಲಿ ಏನ್ ಮಾಡೇತಿ ಪಾಪ!”

ವಾರ್ಡು ನಕ್ಕಿತು. ಮಹಾದೇವಿ ನಗಲಿಲ್ಲ. ಎಲೆಗಳನ್ನು ನನ್ನ ಕೋಟಿನ ಕಿಸೆಗೆ ಹಾಕಿ, “ಬಾಯಾರ ಮನಿಗೆ ಒಮ್ಮಿ ಹೋಗಿ ಬರ್ರಿ” ಎಂದಷ್ಟೇ ಹೇಳಿ ತನ್ನ ಹಾಸಿಗೆಗಳ ಕಡೆ ಹೋದಳು.

ಮೂರ್ನಾಲ್ಕು ದಿನ ತಡೆದು ಹೋದೆ. ಕೆಲಸ ಬಿಡುತ್ತೇನೆಂದು ಹೇಳಿ ಬರಲಿಕ್ಕೇ ಹೋದದ್ದು. ಹಬ್ಬದ ದಿನ ಸಿಗದವರಿಗೆ ಆಮೇಲೂ ಬನ್ನಿ ಕೊಡುವುದುಂಟಂತೆ. ಕಿಸೆಯಲ್ಲಿ ಒಣಗಿದ್ದ ಎಲೆಗಳನ್ನು ಬಾಯಾರ ಕೈಗಿಟ್ಟೆ. ಅವರು ಅವನ್ನು ಕಣ್ಣಿಗೊತ್ತಿಕೊಂಡು ನನ್ನನ್ನು ಕೂರಿಸಿದರು. ಅವಲಕ್ಕಿ ಚೂಡಾ ಬಂತು, ಚಹಾ ಬಂತು. ನನ್ನ ತಾಯಿಯ ಮೊಣಕಾಲು ನೋವು, ಮಾಳಮಡ್ಡಿಯ ನೀರು, ನನಗೆ ರೊಟ್ಟಿ ಬಡಿಯಲು ಬರುತ್ತದೋ ಇಲ್ಲವೋ, ಎಲ್ಲ ವಿಚಾರಿಸಿದರು. ಬಿಡುತ್ತೇನೆ ಎನ್ನುವ ಮಾತಿಗೆ ಎಲ್ಲೂ ಸಂದು ಸಿಗಲಿಲ್ಲ. ಚಪ್ಪಲಿ ಮೆಟ್ಟುವಾಗ, ಅವರ ಮುಖ ನೋಡದೆ, ಬಾಯಿಂದ ಬಂದದ್ದು ಬೇರೆಯೇ ಮಾತು.

“ನನಗೂ ಮಹಾದೇವಿಯಷ್ಟೇ ಕೊಡಬೇಕಿತ್ತು, ಬಾಯಾರೇ.”

“ಇದಿಷ್ಟ ಅಲ್ಲೇನು?” ಅವರು ನಕ್ಕರು. “ಆಕಿ ಹಬ್ಬದ ದಿನಾನ ಹೇಳಿದ್ಲು, ಅಕ್ಕಾರಿಗೂ ನನ್ನಷ್ಟ ಮಾಡ್ರಿ ಅಂತ. ನಿಮ್ಮ ಬಾಯಿಂದ ಬರಲಿ ಅಂತ ನಾನ ಸುಮ್ಮಕಿದ್ದೆ.”

ಮುಂದಿನ ತಿಂಗಳು ನನ್ನ ಪಗಾರ ಅವಳದಕ್ಕೆ ಸಮವಾಯಿತು. ಬಯಸಿದ್ದು ಬಂತು. ಚಿಗರಿಯ ಕಿಟಕಿಯಲ್ಲಿ ಕೂತು ಖುಷಿಯನ್ನು ಹುಡುಕಿದೆ. ನನ್ನದೇ ದುಡಿಮೆಯ ಕೂಲಿಗೆ ನಾನು ಯಾರಿಗೋ ಋಣಿಯಾಗಿದ್ದೆ. ಮಹಾದೇವಿ ನನ್ನ ಪರವಾಗಿ ಮಾತಾಡಿದ್ದಳು ಎನ್ನುವುದು ಇನ್ನೂ ಚುಚ್ಚಿತು. ಅಷ್ಟು ದಿನ ಅವಳ ಪಗಾರಕ್ಕೆ ಕರುಬಿದೆ. ಈಗ ಅವಳ ಮನಸ್ಸಿನ ಅಗಲಕ್ಕೆ ಕರುಬಬೇಕಾಯಿತು.

ಇತ್ತೀಚೆಗೆ ನಮ್ಮ ವಾರ್ಡಿಗೆ ಕೊಳ್ಳೇಗಾಲದ ಕಡೆಯ ಹುಡುಗಿಯೊಬ್ಬಳು ನರ್ಸಾಗಿ ಬಂದಿದ್ದಾಳೆ. ಹೆಸರು ರಮ್ಯಾ. ಅವಳು “ಬನ್ನಿ, ತೂಕ ನೋಡೋಣ” ಎಂದು ಚಾಚಾರನ್ನು ಕರೆದಾಗ ನಮ್ಮ ಕಡೆಯ ಆ ದನಿಗೆ ನನ್ನ ಎದೆ ತುಂಬಿತು. ಚಾಚಾ ತೂಕದ ಯಂತ್ರ ಹತ್ತುತ್ತಲೇ ಕೇಳಿದರು:

“ಪಗಾರ ಎಷ್ಟ್ರಿ, ಸಿಸ್ಟರ್?”

ಅವಳು ಹೇಳಿದಳು. ನಾನು ಬಂದಾಗ ಇದ್ದದ್ದೇ ಹೆಚ್ಚುಕಡಿಮೆ. ಚಾಚಾ ನನ್ನ ಕಡೆ ಬೊಟ್ಟು ಮಾಡಿ ನನ್ನದನ್ನೂ ಹೇಳಿಬಿಟ್ಟರು. ರಮ್ಯಾ ನನ್ನನ್ನು ನೋಡಿದಳು. ಆ ನೋಟ ನನಗೆ ಹೊಸದಲ್ಲ.

“ಬಾಯಾರ ಮನಿಗೆ ಹೋಗಿ ಕೇಳಬೇಕ್ರಿ” ಎಂದೆ. ನಮ್ಮ ಕಡೆಯ ಹುಡುಗಿಯ ಮುಂದೆ ನಮ್ಮ ಕಡೆಯ ಮಾತು ಬರಲಿಲ್ಲ.

“ಮನೆಗ್ಯಾಕಕ್ಕ ಹೋಗ್ಬೇಕು? ಇಲ್ಲಿ ಕೆಲಸ ಮಾಡ್ತಿಲ್ವಾ ನಾನು?” ಎಂದಳು. ಮುಖ ಕೆಂಪಾಗಿತ್ತು. ಆಮೇಲೆ ಸ್ವಲ್ಪ ತಗ್ಗಿ, “ನೀವು ಇಲ್ಲಿಯೋರಾ ಅಕ್ಕ?” ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಚಾಚಾ, “ಹೌದವಾ, ನಮ್ಮವರ ಅವರು” ಎಂದರು.

ಎಷ್ಟು ದಿನ ಕಾದಿದ್ದ ಮಾತು ಅದು. ಕಿವಿಗೆ ಹಿತವಾಗಿಯೇ ಇತ್ತು. ಅಲ್ಲ ಎನ್ನಲಿಲ್ಲ. ಆದರೆ ನನ್ನ ಕಣ್ಣು ರಮ್ಯಾಳ ಮೇಲೆಯೇ ಇತ್ತು. ಮೈಸೂರಿನಿಂದ ಬರುವಾಗ ಆ ಸಿಟ್ಟು ನನ್ನ ಹತ್ತಿರವೂ ಇತ್ತು. ಅವಳು ಸರಸರನೆ ಕೈಗವಸು ಏರಿಸಿಕೊಂಡು ಸೂಜಿ ಕೈಗೆತ್ತಿಕೊಂಡಳು. ನನಗೆ ಮತ್ತೆ ಹೊಟ್ಟೆಕಿಚ್ಚಾಯಿತು, ಈ ಸಲ ಆ ಸಿಟ್ಟಿನ ಮೇಲೆ.